ಒಂದೇ ಒಡಿಕತ್ತಿ, ಮೂರು ಎಸ್‌ವಿಜಿ: ಫೋಟೋಶಾಪ್, ಜಿಂಪ್ ಮತ್ತು ಕ್ರಿಟಾ

ಕೊಡಗಿನಲ್ಲಿ ವಿನ್ಯಾಸದ ಕೆಲಸ ಮಾಡುವವರ ಬಳಿಗೆ ಬರುವ ಬಹುತೇಕ ಚಿಹ್ನೆಗಳು ಒಂದೇ ಅಳತೆಯಲ್ಲಿ ಉಳಿಯುವುದಿಲ್ಲ. ಕಾಫಿಪುಡಿಯ ಪೊಟ್ಟಣದ ಮೇಲೆ 2 ಇಂಚು ಇರುವ ಚಿತ್ರವೇ ತೋಟದ ಗೇಟಿನ ಫಲಕದಲ್ಲಿ 4 ಅಡಿಯಾಗಬೇಕು, ವಾಹನದ ಗಾಜಿಗೆ ಕತ್ತರಿಸಿದ ವಿನೈಲ್ ಸ್ಟಿಕ್ಕರ್ ಆಗಬೇಕು. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟುಂಬದ ಆತಿಥ್ಯದಲ್ಲಿ ಆರಂಭವಾದ ಕೊಡವ ಕೌಟುಂಬಿಕ ಹಾಕಿ ಉತ್ಸವವನ್ನೇ ನೋಡಿ. ಆತಿಥ್ಯ ವಹಿಸುವ ಕುಟುಂಬದ ಲಾಂಛನವು ಆಮಂತ್ರಣ ಪತ್ರಿಕೆಯಿಂದ ಮೈದಾನದ ಸ್ವಾಗತ ಕಮಾನಿನವರೆಗೆ ಎಲ್ಲ ಕಡೆಯೂ ಕಾಣಿಸಿಕೊಳ್ಳುತ್ತದೆ. ಇಂಥ ಕೆಲಸಕ್ಕೆ ಎಸ್‌ವಿಜಿ ಕಡತವೇ ಸರಿ: ಅದು ಚಿತ್ರವನ್ನು ಪಿಕ್ಸೆಲ್ ಚುಕ್ಕೆಗಳಾಗಿ ಅಲ್ಲ, ರೇಖೆಗಳ ಲೆಕ್ಕವಾಗಿ, ಅಂದರೆ ವೆಕ್ಟರ್ ಆಗಿ ಇಡುವುದರಿಂದ ಎಷ್ಟು ಹಿಗ್ಗಿಸಿದರೂ ಅಂಚು ಕೆಡದು. ಆದರೆ ನಮ್ಮಲ್ಲಿ ಹೆಚ್ಚಿನವರು ಚಿತ್ರ ಬರೆಯುವುದು ಫೋಟೋ ತಿದ್ದುವ ತಂತ್ರಾಂಶಗಳಲ್ಲಿ. ಆದ್ದರಿಂದ ಫೋಟೋಶಾಪ್, ಜಿಂಪ್ ಮತ್ತು ಕ್ರಿಟಾ ಎಂಬ ಮೂರು ತಂತ್ರಾಂಶಗಳಿಂದ ವೆಕ್ಟರ್ ಆಕೃತಿ ಎಷ್ಟು ಶುದ್ಧವಾಗಿ ಹೊರಬರುತ್ತದೆ ಎಂಬುದನ್ನು ಒಂದೇ ಚಿತ್ರವನ್ನಿಟ್ಟುಕೊಂಡು ಹೋಲಿಸಿ ನೋಡಿದೆ.

ಪರೀಕ್ಷೆಗೆ ಆರಿಸಿಕೊಂಡದ್ದು ಅಡ್ಡಡ್ಡವಾಗಿಟ್ಟ ಎರಡು ಒಡಿಕತ್ತಿಗಳು (ಕೊಡವರ ಸಾಂಪ್ರದಾಯಿಕ ಕತ್ತಿ), ಕೆಳಗೆ ಹಣ್ಣು ಕಚ್ಚಿದ ಒಂದು ಕಾಫಿ ರೆಕ್ಕೆ, ಅಂದರೆ ಗಿಡದ ಕೊಂಬೆ, ಅದರಡಿ ಕನ್ನಡದಲ್ಲಿ ಹೆಸರು. ಒಡಿಕತ್ತಿಯ ಅಗಲವಾದ ಅಲಗು ಒಂದೇ ಉಸಿರಿನಲ್ಲಿ ಬಾಗಿ ಚೂಪಾದ ತುದಿಗೆ ಬರುವುದರಿಂದ, ವಕ್ರರೇಖೆ ಎಲ್ಲಿ ಕೆಟ್ಟರೂ ಕಣ್ಣಿಗೆ ತಕ್ಷಣ ಹೊಡೆಯುತ್ತದೆ. ಹೊರಬಂದ ಪ್ರತಿ ಕಡತವನ್ನೂ ವೆಕ್ಟರ್ ಚಿತ್ರಗಳ ತಂತ್ರಾಂಶವಾದ ಇಂಕ್‌ಸ್ಕೇಪ್‌ನಲ್ಲಿ ತೆರೆದು ನೋಡಿದೆ, ಜೊತೆಗೆ ಸಾದಾ ಪಠ್ಯ ಸಂಪಾದಕದಲ್ಲಿಯೂ ತೆರೆದು ಓದಿದೆ. ಎಸ್‌ವಿಜಿ ಎಂಬುದು ಎಕ್ಸ್‌ಎಂಎಲ್ ಪಠ್ಯವೇ ಆಗಿರುವುದರಿಂದ ಈ ಎರಡನೆಯ ಪರೀಕ್ಷೆ ಬಹಳ ಮುಖ್ಯ. ಒಳಗೆ 'ಪಾತ್' ಎಂಬ ಅಂಶಗಳಿದ್ದರೆ ಅದು ನಿಜವಾದ ರೇಖಾಚಿತ್ರ. 'ಇಮೇಜ್' ಎಂಬ ಅಂಶದೊಳಗೆ ಅರ್ಥವಿಲ್ಲದ ಅಕ್ಷರಗಳ ರಾಶಿ ತುಂಬಿದ್ದರೆ ಅದು ಎಸ್‌ವಿಜಿ ಹೆಸರು ಹೊತ್ತ ಪಿಕ್ಸೆಲ್ ಚಿತ್ರ, ಹಿಗ್ಗಿಸಿದರೆ ಅಂಚು ಹರಿಯುವುದು ನಿಶ್ಚಿತ.

ಫೋಟೋಶಾಪ್‌ನಲ್ಲಿ ಎಲ್ಲವೂ ಲೇಯರ್ (ಚಿತ್ರದ ಪದರ) ಯಾವ ಬಗೆಯದು ಎಂಬುದರ ಮೇಲೆ ನಿಂತಿದೆ. ಪೆನ್ ಉಪಕರಣವನ್ನು 'ಶೇಪ್' ಸ್ಥಿತಿಯಲ್ಲಿಟ್ಟು ಬರೆದ ಅಲಗು ಶುದ್ಧ ಪಾತ್ ಆಗಿಯೇ ಹೊರಬರುತ್ತದೆ, ಬಣ್ಣವೂ ಉಳಿಯುತ್ತದೆ, ಒಂದು ಆಕೃತಿಯಿಂದ ಇನ್ನೊಂದನ್ನು ಕಳೆದು ಮಾಡಿದ ರಂಧ್ರಗಳೂ ಸರಿಯಾಗಿರುತ್ತವೆ. ಬ್ರಷ್‌ನಲ್ಲಿ ಬಳಿದ ಎಲೆ ಮಾತ್ರ ಅದೇ ಕಡತದೊಳಗೆ ಪಿಕ್ಸೆಲ್ ಆಗಿ ಕುಳಿತುಕೊಳ್ಳುತ್ತದೆ. ಹೊಸ ಆವೃತ್ತಿಗಳ 'ಎಕ್ಸ್‌ಪೋರ್ಟ್ ಆ್ಯಸ್' ಪಟ್ಟಿಯಲ್ಲಿ ಎಸ್‌ವಿಜಿ ಕಾಣದಿದ್ದರೆ ಪ್ರಿಫರೆನ್ಸಸ್‌ನ ಎಕ್ಸ್‌ಪೋರ್ಟ್ ವಿಭಾಗದಲ್ಲಿ ಹಳೆಯ, ಅಂದರೆ 'ಲೆಗಸಿ' ವಿಧಾನವನ್ನು ಆರಿಸಬೇಕು. ಬಣ್ಣಗಳನ್ನು ಈ ಕಡತವು ಆಕೃತಿಗೆ ನೇರವಾಗಿ ಅಂಟಿಸದೆ, ಆರಂಭದ ಸ್ಟೈಲ್ ವಿಭಾಗದಲ್ಲಿ ಬರೆದು ಹೆಸರಿನ ಮೂಲಕ ಜೋಡಿಸುತ್ತದೆ. ಕತ್ತರಿಸುವ ಯಂತ್ರಗಳ ಕೆಲವು ತಂತ್ರಾಂಶಗಳು ಆ ವಿಭಾಗವನ್ನು ಓದದೆ ಎಲ್ಲವನ್ನೂ ಕಪ್ಪಾಗಿ ತೋರಿಸುವುದುಂಟು.

ಅಳತೆಯ ವಿಷಯದಲ್ಲಿಯೂ ಎಚ್ಚರ ಬೇಕು. ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ 1200 ಪಿಕ್ಸೆಲ್ ಅಗಲದ ಚಿತ್ರ ಫೋಟೋಶಾಪ್‌ನಲ್ಲಿ 4 ಇಂಚು. ಎಸ್‌ವಿಜಿಯಲ್ಲಿ ಬರಿಯ 1200 ಎಂಬ ಸಂಖ್ಯೆ ಮಾತ್ರ ಉಳಿಯುತ್ತದೆ, ಇಂಕ್‌ಸ್ಕೇಪ್ ಇಂಚಿಗೆ 96 ಪಿಕ್ಸೆಲ್ ಎಂದು ಲೆಕ್ಕ ಹಾಕುವುದರಿಂದ ಅದು 12.5 ಇಂಚಾಗಿ ತೆರೆದುಕೊಳ್ಳುತ್ತದೆ. ಆಕೃತಿಗೆ ಇದರಿಂದ ಹಾನಿಯಿಲ್ಲ. ಆದರೆ ಜೇನಿನ ಬಾಟಲಿಯ ಲೇಬಲ್ ನೇರವಾಗಿ ಮುದ್ರಣಕ್ಕೆ ಹೋಗುವುದಾದರೆ ಅಳತೆಯನ್ನು ಮತ್ತೆ ನಮೂದಿಸಲೇಬೇಕು.

ಜಿಂಪ್‌ನ ದಾರಿಯೇ ಬೇರೆ. ನಾನು ಬಳಸಿದ 2.10ರ ಸಾಲಿನ ಆವೃತ್ತಿಯಲ್ಲಿ ಇಡೀ ಚಿತ್ರವನ್ನು ಎಸ್‌ವಿಜಿಯಾಗಿ ಕಳುಹಿಸುವ ವ್ಯವಸ್ಥೆಯಿಲ್ಲ. ಪಾತ್‌ಗಳ ಫಲಕದಲ್ಲಿ ಒಂದು ಪಾತ್ ಮೇಲೆ ಬಲ ಕ್ಲಿಕ್ ಮಾಡಿ 'ಎಕ್ಸ್‌ಪೋರ್ಟ್ ಪಾತ್' ಎಂದರೆ ಆ ಒಂದನ್ನು ಅಥವಾ ಎಲ್ಲ ಪಾತ್‌ಗಳನ್ನು ಅದು ಬರೆದುಕೊಡುತ್ತದೆ. ಹೀಗೆ ಬಂದ ಕತ್ತಿಗೆ ಬಣ್ಣವಿಲ್ಲ, ತುಂಬುವಿಕೆಯಿಲ್ಲ, ಇರುವುದು ತೆಳುವಾದ ಕಪ್ಪು ಗೆರೆ ಮಾತ್ರ. ಇದನ್ನು ಕೊರತೆಯೆಂದು ತಳ್ಳಿಹಾಕುವವರೇ ಹೆಚ್ಚು. ನನ್ನ ಅಭಿಪ್ರಾಯ ಹಾಗಿಲ್ಲ. ವಿನೈಲ್ ಕತ್ತರಿಸುವ ಪ್ಲಾಟರ್‌ಗೆ ಬಣ್ಣ ಬೇಕಿಲ್ಲ, ಅದರ ಬ್ಲೇಡು ಹಿಂಬಾಲಿಸುವುದು ರೇಖೆಯನ್ನೇ. ಆದ್ದರಿಂದ ಒಂದೇ ಬಣ್ಣದ ಸ್ಟಿಕ್ಕರ್‌ಗೆ ಮೂರು ಕಡತಗಳಲ್ಲಿ ಅತ್ಯಂತ ಯೋಗ್ಯವಾದುದು ಜಿಂಪ್‌ನ ಈ ಬೋಳು ಕಡತವೇ. ಅಳತೆಯನ್ನು ಅದು ಇಂಚು ಅಥವಾ ಮಿಲಿಮೀಟರಿನಂಥ ನಿಜವಾದ ಮಾನದಲ್ಲಿ ಬರೆಯುವುದರಿಂದ ಮೇಲೆ ಹೇಳಿದ ಲೆಕ್ಕದ ತೊಡಕೂ ಇಲ್ಲ. ಆದರೆ 'ಸೆಲೆಕ್ಷನ್ ಟು ಪಾತ್' ಬಳಸಿ ಫೋಟೋದಿಂದ ಅಂಚು ತೆಗೆಯುವುದನ್ನು ನಾನು ಒಪ್ಪುವುದಿಲ್ಲ: ಅಗತ್ಯಕ್ಕಿಂತ ಎಷ್ಟೋ ಹೆಚ್ಚು ಬಿಂದುಗಳು ಹುಟ್ಟಿ ಅಲಗಿನ ಬಾಗು ನಡುಗಿದಂತೆ ಕಾಣುತ್ತದೆ. ಕೈಯಿಂದ ಕೆಲವೇ ಬಿಂದುಗಳನ್ನಿಟ್ಟು ಬರೆದ ಬಾಗಿಗೆ ಅದು ಸಾಟಿಯಾಗದು.

ಕ್ರಿಟಾ ಚಿತ್ರ ಬಿಡಿಸುವವರಿಗೆಂದು ಮಾಡಿದ ತಂತ್ರಾಂಶ. 2018ರಲ್ಲಿ ಬಂದ 4.0 ಆವೃತ್ತಿಯಿಂದ ಅದರ ವೆಕ್ಟರ್ ಲೇಯರ್‌ಗಳು ಒಳಗಿನಿಂದಲೇ ಎಸ್‌ವಿಜಿ ಆಗಿವೆ, ಹಾಗಾಗಿ ಲೇಯರ್ ಮೆನುವಿನಿಂದ ಅದನ್ನು ಎಸ್‌ವಿಜಿಯಾಗಿ ಉಳಿಸಿದಾಗ ಬಣ್ಣ, ಅಂಚಿನ ಗೆರೆ ಎಲ್ಲವೂ ಇದ್ದ ಹಾಗೆಯೇ ಬರುತ್ತವೆ. ವೆಕ್ಟರ್ ಲೇಯರ್‌ನಲ್ಲಿ ಬ್ರಷ್‌ನ ಬಳಿತಕ್ಕೆ ಜಾಗವಿಲ್ಲವಾದ್ದರಿಂದ ಪಿಕ್ಸೆಲ್‌ಗಳು ನುಸುಳುವ ಭಯವೂ ಇಲ್ಲ. ಒಂದೊಂದು ಲೇಯರ್ ಒಂದೊಂದು ಕಡತವಾಗುತ್ತದೆ ಎಂಬುದಷ್ಟೇ ಕಿರಿಕಿರಿ. ಇಡೀ ಲಾಂಛನವನ್ನು ಒಂದೇ ಲೇಯರ್‌ನಲ್ಲಿ ಬರೆದರೆ ಅದೂ ತಪ್ಪುತ್ತದೆ.

ಕನ್ನಡ ಅಕ್ಷರಗಳ ವಿಷಯವನ್ನು ಪ್ರತ್ಯೇಕವಾಗಿಯೇ ಹೇಳಬೇಕು, ಏಕೆಂದರೆ ಕೆಲಸ ಹೆಚ್ಚು ಕೆಡುವುದು ಇಲ್ಲಿಯೇ. ಅಕ್ಷರವನ್ನು ಅಕ್ಷರವಾಗಿಯೇ ಬಿಟ್ಟರೆ ಎಸ್‌ವಿಜಿ ಅದರ ಫಾಂಟ್‌ನ ಹೆಸರನ್ನು ಮಾತ್ರ ಹೊತ್ತೊಯ್ಯುತ್ತದೆ. ಮೈಸೂರಿನ ಮುದ್ರಣಾಲಯದ ಗಣಕದಲ್ಲಿ ಆ ಫಾಂಟ್ ಇಲ್ಲದಿದ್ದರೆ ಬೇರೊಂದು ಬಂದು ಕೂರುತ್ತದೆ. ಯುನಿಕೋಡ್ ಪಠ್ಯವಾದರೆ ಕನ್ನಡವಾದರೂ ಉಳಿದೀತು. 'ನುಡಿ' ತಂತ್ರಾಂಶದ ಹಳೆಯ, ಯುನಿಕೋಡ್ ಅಲ್ಲದ ಫಾಂಟ್‌ಗಳಲ್ಲಿ ಬರೆದಿದ್ದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವೇ ಕಾಣುತ್ತದೆ. ಫೋಟೋಶಾಪ್‌ನಲ್ಲಿ ಒತ್ತಕ್ಷರಗಳು ಬಿಡಿಬಿಡಿಯಾಗಿ ಕಂಡರೆ ಮೊದಲು ದಕ್ಷಿಣ ಏಷ್ಯಾದ ಲಿಪಿಗಳ ಅಕ್ಷರಜೋಡಣೆಯನ್ನು ಆರಿಸಿ, ಬಳಿಕ 'ಕನ್ವರ್ಟ್ ಟು ಶೇಪ್' ಕೊಡಬೇಕು. ಜಿಂಪ್ ಈ ಕೆಲಸದಲ್ಲಿ ಸರಳ: ಅಕ್ಷರಜೋಡಣೆ ಮೊದಲೇ ಸರಿಯಾಗಿರುತ್ತದೆ, ಪಠ್ಯದಿಂದ ಪಾತ್ ಮಾಡಿದರೆ ಒತ್ತುಗಳು ತಮ್ಮ ಜಾಗದಲ್ಲಿಯೇ ನಿಲ್ಲುತ್ತವೆ. ಕ್ರಿಟಾದಲ್ಲಿ ನಾನು ಅಕ್ಷರಗಳನ್ನು ಹಾಕಲಿಲ್ಲ, ಇಂಕ್‌ಸ್ಕೇಪ್‌ನಲ್ಲಿ ಸೇರಿಸಿ 'ಆಬ್ಜೆಕ್ಟ್ ಟು ಪಾತ್' ಮಾಡುವುದೇ ನನಗೆ ಹಿಡಿಸಿತು.

ಹೊಸದಾಗಿ ಲಾಂಛನ ಬರೆಯುವವರಿಗೆ ನಾನು ಹೇಳುವುದು ಕ್ರಿಟಾ. ಫೋಟೋಶಾಪ್‌ನ ಹಳೆಯ ಪಿಎಸ್‌ಡಿ ಕಡತಗಳೇ ಕೈಯಲ್ಲಿದ್ದು ಅವುಗಳಲ್ಲಿ ಶೇಪ್ ಲೇಯರ್‌ಗಳು ಉಳಿದಿದ್ದರೆ ಫೋಟೋಶಾಪ್‌ನಿಂದಲೇ ತೆಗೆಯಬಹುದು. ಸ್ಟಿಕ್ಕರ್‌ಗೆ ಜಿಂಪ್ ಸಾಕು. ಯಾವುದರಿಂದ ತೆಗೆದರೂ ಅಂಗಡಿಗೆ ಕೊಡುವ ಮೊದಲು ಇಂಕ್‌ಸ್ಕೇಪ್‌ನಲ್ಲಿ ದಪ್ಪ ಗೆರೆಗಳನ್ನು 'ಸ್ಟ್ರೋಕ್ ಟು ಪಾತ್' ಮೂಲಕ ಆಕೃತಿಯಾಗಿ ಬದಲಿಸಿರಬೇಕು, ಇಲ್ಲದಿದ್ದರೆ ಪ್ಲಾಟರ್ ಕಾಫಿ ರೆಕ್ಕೆಯ ಅಂಚನ್ನು ಬಿಟ್ಟು ಅದರ ನಡುಗೆರೆಯ ಮೇಲೆ ಕತ್ತರಿಸಿಬಿಡುತ್ತದೆ. ಕೊನೆಗೆ 'ಪ್ಲೇನ್ ಎಸ್‌ವಿಜಿ' ಎಂದು ಉಳಿಸಿದ ಇಂಥ ಕಡತ ಕೆಲವೇ ಕಿಲೋಬೈಟ್ ಇರುವುದರಿಂದ, ಆಷಾಢದ ಮಳೆಯಲ್ಲಿ ನೆಟ್‌ವರ್ಕ್ ಕುಂಟುವಾಗಲೂ ನಾಪೋಕ್ಲಿನಿಂದ ಮೈಸೂರಿಗೆ ಸಲೀಸಾಗಿ ಹೋಗಿ ತಲುಪುತ್ತದೆ.