ಗಿಡ ಚೆನ್ನಾಗಿದೆ, ಬೋರ್ಡ್ ನಂಬಬೇಡಿ

ಮೈಸೂರಿನ ಬೋಗಾದಿ ಕಡೆಯ ಒಂದು ನರ್ಸರಿಯ ಬಗ್ಗೆ. ಹೆಸರು ಬೇಡ. ರೋಸ್ಮರಿ, ಒಂದೆಲಗ, ದೊಡ್ಡಪತ್ರೆ ಮೂರೂ ತಂದು ಎರಡು ತಿಂಗಳಾಯಿತು, ಒಂದೂ ಬಾಡಿಲ್ಲ. ಬರೀ ಕೆಮ್ಮಣ್ಣು ತುಂಬಿ ಕೊಡುವ ಚಾಳಿ ಇವರಿಗಿಲ್ಲ, ಗೊಬ್ಬರ, ಕೋಕೋಪೀಟ್ ಎರಡೂ ಬೆರೆಸುತ್ತಾರೆ. ಗಿಡದ ವಿಷಯದಲ್ಲಿ ಕಣ್ಣು ಮುಚ್ಚಿ ಹೋಗಬಹುದು.

ನನ್ನ ತಕರಾರು ಬೋರ್ಡಿನದು. ಪಕ್ಕಪಕ್ಕ ಎರಡು ಪಾಟ್. ಒಂದಕ್ಕೆ ಬರೀ ರೋಸ್ಮರಿ ಅಂತ ಚೀಟಿ, ಇನ್ನೊಂದಕ್ಕೆ ರೋಸ್ಮರಿನಸ್ ಅಫಿಸಿನಾಲಿಸ್ ಅಂತ ಅದೇ ಗಿಡದ ವೈಜ್ಞಾನಿಕ ಹೆಸರು, ಅದಕ್ಕೆ 60 ರೂಪಾಯಿ ಜಾಸ್ತಿ. ಯಾಕೆ ಅಂತ ಕೇಳಿದೆ. "ಅದು ಅಫಿಶಿಯಲ್ ಸಾರ್, ಒರಿಜಿನಲ್ ತಳಿ. ಇದು ಲೋಕಲ್" ಅಂದರು. ಎರಡರ ಎಲೆಯನ್ನೂ ಮುರಿದು ಮೂಸಿದೆ. ಒಂದೇ ವಾಸನೆ.

ಅಫಿಸಿನಾಲಿಸ್ ಅನ್ನೋ ಪದಕ್ಕೂ ಒರಿಜಿನಲ್‌ಗೂ ಸಂಬಂಧವೇ ಇಲ್ಲ. ಲ್ಯಾಟಿನ್‌ನಲ್ಲಿ ಅಫಿಸಿನಾ ಅಂದರೆ ಕೆಲಸದ ಮನೆ. ಆಮೇಲೆ ಯುರೋಪಿನ ಕ್ರೈಸ್ತ ಮಠಗಳಲ್ಲಿ ಮದ್ದು, ಮೂಲಿಕೆ ಇಡುವ ಕೋಣೆಗೂ, ಮದ್ದಿನ ಅಂಗಡಿಗೂ ಅದೇ ಹೆಸರು ನಿಂತಿತು. ನಮ್ಮ ಲೆಕ್ಕದಲ್ಲಿ ಗ್ರಂಧಿಗೆ ಅಂಗಡಿ ಸರಕು, ಅಷ್ಟೇ. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಗಿಡಗಳಿಗೆಲ್ಲ ಎರಡು ಪದದ ಹೆಸರು ಕೊಟ್ಟಾಗ, ಅಂಥ ಅಂಗಡಿಯಲ್ಲಿ ಮಾರುತ್ತಿದ್ದ ಎಷ್ಟೋ ಗಿಡಕ್ಕೆ ಇದನ್ನೇ ಅಂಟಿಸಿದ. ಆಮೇಲೆ ಬಂದವರೂ ಬಿಡಲಿಲ್ಲ, ಶುಂಠಿಯ ಹೆಸರಿನಲ್ಲೂ ಇದೇ ಬಾಲ ಇದೆ. ಎಲ್ಲಿ ಮಾರುತ್ತಿದ್ದರು ಅಂತ ಹೇಳುತ್ತದೆಯೇ ಹೊರತು ಗುಣ ಇದೆ ಅಂತ ಗ್ಯಾರಂಟಿ ಕೊಡುವ ಪದವಲ್ಲ ಇದು.

ನಾನು ಮಂಡ್ಯದವನು, ನನಗೆ ಮಜಾ ಅನಿಸಿದ್ದು ಕಬ್ಬು. ಅದರ ಹೆಸರು ಸಕ್ಕರಂ ಅಫಿಸಿನಾರಂ, ಅಂದರೆ ಮದ್ದಿನ ಅಂಗಡಿಗಳ ಸಕ್ಕರೆ! ಒಂದು ಕಾಲಕ್ಕೆ ಯುರೋಪಿನಲ್ಲಿ ಸಕ್ಕರೆ ದುಬಾರಿ ಮಾಲು, ಔಷಧಿ ಮಾರುವವರ ಹತ್ತಿರ ಸಿಗುತ್ತಿತ್ತು. 1933ರಿಂದ ಸಕ್ಕರೆ ಕಾರ್ಖಾನೆ ಇರುವ ಊರಿನಲ್ಲಿ, ಹೋಗುವ ಗಾಡಿಯಿಂದ ಜಲ್ಲೆ ಎಳೆದು ತಿಂದು ಬೆಳೆದ ನಮಗೆ ಇದು ನಗು ತರಿಸುವುದಿಲ್ವಾ?

ಇನ್ನೊಂದು ತಮಾಷೆ. 2017ರಲ್ಲಿ ಸಸ್ಯಶಾಸ್ತ್ರದವರು ರೋಸ್ಮರಿಯನ್ನು ಸಾಲ್ವಿಯಾ ಗುಂಪಿಗೆ ಸೇರಿಸಿದರು. ಅಲ್ಲಿ ಸೇಜ್ ಗಿಡ ಮೊದಲೇ ಸಾಲ್ವಿಯಾ ಅಫಿಸಿನಾಲಿಸ್ ಅಂತ ಕೂತಿತ್ತು, ಒಂದೇ ಗುಂಪಿನಲ್ಲಿ ಇಬ್ಬರಿಗೆ ಒಂದೇ ಹೆಸರು ಆಗುವುದಿಲ್ಲ. ಅದಕ್ಕೆ ರೋಸ್ಮರಿ ಈಗ ಸಾಲ್ವಿಯಾ ರೋಸ್ಮರಿನಸ್. ಆ ಚೀಟಿಯ ಪಾಟ್ ತಂದಿದ್ದರೆ 60 ರೂಪಾಯಿ ಜಾಸ್ತಿ ಕೊಟ್ಟು ಹಳೇ ಹೆಸರು ಕೊಂಡಂತೆ ಆಗುತ್ತಿತ್ತು.

ನಾನು "ಲೋಕಲ್" ಪಾಟನ್ನೇ ತಂದೆ. ನೀವು ಹೋಗುವುದಾದರೆ ಭಾನುವಾರ ಬೇಡ, ಗಾಡಿ ನಿಲ್ಲಿಸಲು ಜಾಗ ಸಿಗುವುದಿಲ್ಲ.