ಸೂಜಿಯ ಕೋಣೆಯಿಂದ ಧ್ಯಾನದ ಗೋಡೆಯವರೆಗೆ: ಪೂರ್ವ ಏಷ್ಯಾದ ಚಿಕಿತ್ಸಾ ಪದ್ಧತಿಗಳ ಕೇಂದ್ರವೊಂದರಲ್ಲಿ 12 ವಾರ

ಕುತ್ತಿಗೆಯ ಬುಡದಿಂದ ಎಡ ಭುಜದವರೆಗೆ ಹಬ್ಬಿದ್ದ ನೋವು, ರಾತ್ರಿ ಮೂರು ಗಂಟೆಗೆ ತಪ್ಪದೆ ಆಗುತ್ತಿದ್ದ ಎಚ್ಚರ, ಇವೆರಡೂ ಸೇರಿ ನನ್ನನ್ನು ಈ ಕೇಂದ್ರಕ್ಕೆ ಕರೆತಂದವು. ಮೂಳೆತಜ್ಞರು ಮಾಡಿಸಬೇಕಾದ ಪರೀಕ್ಷೆಗಳನ್ನೆಲ್ಲ ಮಾಡಿಸಿ, ಗಾಬರಿಪಡುವಂಥದ್ದು ಏನೂ ಇಲ್ಲವೆಂದು ಹೇಳಿ, ಕ್ರಮವಾಗಿ ವ್ಯಾಯಾಮ ಮಾಡಲು ಸೂಚಿಸಿದ್ದರು. ವಾರಕ್ಕೊಮ್ಮೆ ಅಕ್ಯುಪಂಕ್ಚರ್, ಎರಡು ದಿನ ನಿಧಾನ ಚಲನೆಗಳ ಚೀನೀ ವ್ಯಾಯಾಮವಾದ ತೈ ಚಿಯ ತರಗತಿ, ಒಂದು ಸಂಜೆ ಜೆನ್ ಧ್ಯಾನ, ತಿಂಗಳಿಗೆರಡು ಬಾರಿ ಶಿಯಾತ್ಸು ಅಂಗಮರ್ದನ ಇರುವ 12 ವಾರಗಳ ಕಾರ್ಯಕ್ರಮಕ್ಕೆ ನಾನು ಸೇರಿದೆ. ಒಂದೇ ಸೂರಿನಡಿ ಇಷ್ಟನ್ನು ಕೊಡುವ ಕೇಂದ್ರಗಳು ಈಗ ಅನೇಕ ಇರುವುದರಿಂದ, ಸೇರಬೇಕೆಂದುಕೊಂಡವರು ಯಾವುದನ್ನು ಗಮನಿಸಬೇಕು ಎಂಬುದು ನನ್ನ ಅನುಭವದಿಂದ ಸ್ವಲ್ಪ ಮಟ್ಟಿಗಾದರೂ ತಿಳಿದೀತು ಎಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ. ಕೇಂದ್ರದ ಹೆಸರನ್ನು ಹೇಳುವುದಿಲ್ಲ.

ಅಕ್ಯುಪಂಕ್ಚರ್ ಚಿಕಿತ್ಸಕಿ ಮೊದಲ ಭೇಟಿಯಲ್ಲಿ ಸೂಜಿಯನ್ನು ಕೈಗೆತ್ತಿಕೊಳ್ಳುವ ಮೊದಲು 40 ನಿಮಿಷ ಮಾತನಾಡಿಸಿದರು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ, ಪೇಸ್‌ಮೇಕರ್ ಇದೆಯೇ, ಹಿಂದೆ ಎಂದಾದರೂ ಸೂಜಿ ಕಂಡು ತಲೆ ತಿರುಗಿ ಬಿದ್ದಿದ್ದುಂಟೇ, ಈ ದಿನ ಏನಾದರೂ ತಿಂದು ಬಂದಿದ್ದೀರಾ ಎಂದು ಒಂದೊಂದಾಗಿ ಕೇಳಿ ಬರೆದುಕೊಂಡರು. ಆಮೇಲೆ ನಾಲಿಗೆ ನೋಡಿದರು. ಎರಡೂ ಮಣಿಕಟ್ಟುಗಳ ಮೇಲೆ ಮೂರು ಬೆರಳಿಟ್ಟು, ಮೊದಲು ಹಗುರಾಗಿ, ಬಳಿಕ ಒತ್ತಿ, ನಾಡಿ ಹಿಡಿದರು. ಮೂರನೆಯ ವಾರ ನಾನು ಹೊಟ್ಟೆಗೆ ಏನೂ ಇಲ್ಲದೆ ಓಡಿಬಂದಿದ್ದೆ. ಅಂದು ಅವರು ಸೂಜಿ ಚುಚ್ಚಲು ಒಪ್ಪದೆ, ತಿಂದು ಬರುವಂತೆ ಹೇಳಿ ಒಂದು ಗಂಟೆ ತಡವಾಗಿ ಸಮಯ ಕೊಟ್ಟರು. ಬಂದ ಗಿರಾಕಿಯನ್ನು ಹಾಗೆ ತಡೆದು ನಿಲ್ಲಿಸುವ ಚಿಕಿತ್ಸಕರನ್ನು ನಾನು ಧಾರಾಳವಾಗಿ ನಂಬುತ್ತೇನೆ.

ಸೂಜಿಯ ಭಯ ಇರುವವರಿಗಾಗಿ ಇಷ್ಟು ಹೇಳಬೇಕು. ಮೊಹರು ಮಾಡಿದ ಪೊಟ್ಟಣದಿಂದ ನನ್ನ ಕಣ್ಣೆದುರೇ ತೆಗೆದ, ಒಮ್ಮೆ ಬಳಸಿ ಎಸೆಯುವ ಆ ಸೂಜಿ ತಲೆಗೂದಲಿಗಿಂತ ಸ್ವಲ್ಪ ದಪ್ಪವಿತ್ತು, ಅಷ್ಟೆ. ಅದನ್ನು ಸಣ್ಣ ಕೊಳವೆಯೊಂದರೊಳಗಿಟ್ಟು, ಕೊಳವೆಯನ್ನು ಚರ್ಮಕ್ಕೆ ಒತ್ತಿ ಹಿಡಿದು, ಮೇಲೆ ಇಣುಕುವ ಸೂಜಿಯ ತುದಿಯನ್ನು ತೋರುಬೆರಳಿನಿಂದ ಮೆಲ್ಲನೆ ತಟ್ಟುತ್ತಾರೆ. ಕೊಳವೆಯ ಒತ್ತಡವೇ ಗಮನಕ್ಕೆ ಬರುವುದರಿಂದ ಚುಚ್ಚಿದ್ದು ಬಹುಮಟ್ಟಿಗೆ ತಿಳಿಯುವುದೇ ಇಲ್ಲ. 17ನೆಯ ಶತಮಾನದ ಜಪಾನಿನಲ್ಲಿ ಸುಗಿಯಾಮಾ ವಾಇಚಿ ಎಂಬ ಅಂಧ ಚಿಕಿತ್ಸಕ ಈ ಕೊಳವೆಯ ವಿಧಾನವನ್ನು ಬಳಕೆಗೆ ತಂದನೆಂದು ಪರಂಪರೆ ಹೇಳುತ್ತದೆ. ಬೆರಳಿನ ಸ್ಪರ್ಶವೊಂದನ್ನೇ ನಂಬಿ ಕೆಲಸ ಮಾಡುತ್ತಿದ್ದವನ ಉಪಾಯ ಇಂದು ಕಣ್ಣಿರುವವರಿಗೂ ಆಸರೆಯಾಗಿದೆ ಎಂಬುದು ನನ್ನ ಮನಸ್ಸಿನಲ್ಲಿ ಉಳಿದಿದೆ. ಮೊಣಕಾಲ ಚಿಪ್ಪಿನ ಕೆಳಗೆ ನಾಲ್ಕು ಬೆರಳು, ಮುಂಗಾಲಿನ ಮೂಳೆಯಿಂದ ಹೊರಗೆ ಒಂದು ಬೆರಳು ದೂರದಲ್ಲಿರುವ ಜುಸಾನ್‌ಲಿ ಎಂಬ ಬಿಂದುವಿನಲ್ಲಿ ಸೂಜಿ ಇಳಿದಾಗ ನೋವಾಗಲಿಲ್ಲ. ಪಾದದ ಕಡೆಗೆ ಭಾರವಾದ ಜೋಮೊಂದು ಹರಿದುಹೋಯಿತು. ಚೀನೀ ವೈದ್ಯರು ಇದನ್ನು ದೆಛೀ, ಅಂದರೆ ಛೀ (ಮೈಯಲ್ಲಿ ಹರಿಯುತ್ತದೆಂದು ಅವರು ನಂಬುವ ಪ್ರಾಣಶಕ್ತಿ) ದೊರಕಿತು, ಎಂದು ಕರೆಯುತ್ತಾರೆ.

ಇದರಿಂದ ಗುಣವಾಗುತ್ತದೆಯೇ ಎಂದು ನಾನು ನೇರವಾಗಿಯೇ ಕೇಳಿದೆ. ಚಿಕಿತ್ಸಕಿ ಭರವಸೆಯ ಬದಲು ಜರ್ಮನಿಯ ಒಂದು ದೊಡ್ಡ ಪ್ರಯೋಗದ ವಿಷಯ ಹೇಳಿದರು. 2007ರಲ್ಲಿ ಪ್ರಕಟವಾದ ಅದರಲ್ಲಿ ದೀರ್ಘಕಾಲದ ಸೊಂಟನೋವಿನ 1,162 ರೋಗಿಗಳನ್ನು ಮೂರು ಗುಂಪು ಮಾಡಲಾಗಿತ್ತು. ಆರು ತಿಂಗಳ ನಂತರ ನೋಡಿದಾಗ, ಶಾಸ್ತ್ರೋಕ್ತ ಬಿಂದುಗಳಲ್ಲಿ ಸೂಜಿ ಹಾಕಿಸಿಕೊಂಡವರಲ್ಲಿ ಶೇ 47.6, ಬಿಂದುಗಳಲ್ಲದ ಕಡೆ ಆಳಕ್ಕಿಳಿಸದೆ ಚುಚ್ಚಿಸಿಕೊಂಡವರಲ್ಲಿ ಶೇ 44.2 ಮತ್ತು ವಾಡಿಕೆಯ ಔಷಧ, ವ್ಯಾಯಾಮ ಪಡೆದವರಲ್ಲಿ ಶೇ 27.4 ಮಂದಿಗೆ ಉಪಶಮನ ಕಂಡಿತ್ತು. ಸೂಜಿಯಿಂದ ಪ್ರಯೋಜನವಿದೆ ಎಂದು ಹೇಳುವವರೂ, ಬಿಂದುಗಳ ಸಿದ್ಧಾಂತಕ್ಕೆ ಅದು ಪುರಾವೆಯಲ್ಲ ಎಂದು ಹೇಳುವವರೂ ಇದೇ ಅಂಕಿಗಳನ್ನು ಎತ್ತಿ ತೋರಿಸುತ್ತಾರೆ. ತಮ್ಮ ವಿದ್ಯೆಗೆ ಪೂರ್ತಿ ಅನುಕೂಲವಲ್ಲದ ಮಾತನ್ನು ಮುಚ್ಚಿಡದೆ ನನ್ನ ಮುಂದಿಟ್ಟ ಅವರ ಪ್ರಾಮಾಣಿಕತೆಗೆ ನಾನು ಋಣಿ. ನನ್ನ ಮಟ್ಟಿಗೆ, ನಾಲ್ಕನೆಯ ವಾರದ ಹೊತ್ತಿಗೆ ತಲೆ ಬಾಚಲು ಎಡಗೈ ಎತ್ತುವುದು ಸಲೀಸಾಯಿತು. ಅದಕ್ಕಿಂತ ಮುಖ್ಯವಾಗಿ, ಸೂಜಿಗಳೊಂದಿಗೆ 20 ನಿಮಿಷ ಅಲ್ಲಾಡದೆ ಮಲಗಿದ್ದಾಗ, ನಾನು ಎಡ ಭುಜವನ್ನು ಸದಾ ಕಿವಿಯ ಕಡೆಗೆ ಎತ್ತಿ ಹಿಡಿದಿರುತ್ತೇನೆ ಎಂಬುದು ಮೊದಲ ಬಾರಿಗೆ ಅರಿವಿಗೆ ಬಂತು.

ಶಿಯಾತ್ಸು ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಟ್ಟೆಯ ಮೇಲೆಯೇ, ಎಣ್ಣೆ ಇಲ್ಲದೆ, ಹೆಬ್ಬೆರಳು ಮತ್ತು ಅಂಗೈಗಳಿಂದ ಒತ್ತುವ ಈ ಜಪಾನೀ ಪದ್ಧತಿ ಹಿತವಾಗಿತ್ತು. ಅಂದಿನ ರಾತ್ರಿ ನಿದ್ದೆ ಚೆನ್ನಾಗಿ ಬರುತ್ತಿತ್ತು, ಮಾರನೆಯ ರಾತ್ರಿಗೆ ಅದರ ಗುಣ ಉಳಿಯುತ್ತಿರಲಿಲ್ಲ. ಚರ್ಮಕ್ಕೆ ಬಟ್ಟಲುಗಳನ್ನು ಅಂಟಿಸಿ ಹೀರಿಸುವ ಬಟ್ಟಲು ಚಿಕಿತ್ಸೆಯನ್ನು, ಅಂದರೆ ಕಪ್ಪಿಂಗ್ ಅನ್ನು, ಒಮ್ಮೆ ಮಾಡಿಸಿಕೊಂಡೆ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಈಜುಗಾರ ಮೈಕೆಲ್ ಫೆಲ್ಪ್ಸ್ ಬೆನ್ನ ಮೇಲೆ ಕಂಡಂಥ ನೇರಳೆ ವೃತ್ತಗಳು ನನ್ನ ಬೆನ್ನ ಮೇಲೂ ಒಂದು ವಾರ ಉಳಿದವು, ಅಷ್ಟೇ.

ಈ ಕೇಂದ್ರದ ನಿಜವಾದ ಸಂಪತ್ತು ಅದರ ತೈ ಚಿ ಗುರುಗಳು. 1956ರಲ್ಲಿ ಚೀನಾದ ಕ್ರೀಡಾ ಆಯೋಗ ಯಾಂಗ್ ಶೈಲಿಯಿಂದ ಆರಿಸಿ ರೂಪಿಸಿದ 24 ಭಂಗಿಗಳ ಸರಳ ಕ್ರಮವನ್ನೇ ಜಗತ್ತಿನ ಅನೇಕ ತರಗತಿಗಳಲ್ಲಿ ಕಲಿಸುತ್ತಾರೆ, ಇಲ್ಲಿಯೂ ಅದೇ. ಆದರೆ ಮೊದಲ ಮೂರು ವಾರ ಅವರು ಆ ಕ್ರಮದ ಒಂದು ಭಂಗಿಯನ್ನೂ ಕಲಿಸಲಿಲ್ಲ. ನಿಲ್ಲುವುದನ್ನು ಕಲಿಸಿದರು, ಬಾದುವಾನ್‌ಜಿನ್ ಎಂಬ ಎಂಟು ಚಲನೆಗಳ ಹಳೆಯ ಚೀಗಾಂಗ್ (ಉಸಿರು, ಚಲನೆಗಳನ್ನು ಹೊಂದಿಸುವ ಚೀನೀ ಪದ್ಧತಿ) ಅಭ್ಯಾಸ ಮಾಡಿಸಿದರು. ಎರಡೂ ಅಂಗೈಗಳನ್ನು ಆಕಾಶಕ್ಕೆ ಆನಿಸುವುದು ಅದರ ಮೊದಲ ಚಲನೆ. ಎಡಕ್ಕೂ ಬಲಕ್ಕೂ ಬಿಲ್ಲೆಳೆಯುವುದು ಎರಡನೆಯದು. ಚೀನಾದಲ್ಲಿ ಇಂಥ ಅಭ್ಯಾಸಗಳ ವಯಸ್ಸು ಸಣ್ಣದಲ್ಲ: ಕ್ರಿ.ಪೂ. 168ರಲ್ಲಿ ಮುಚ್ಚಿದ ಮಾವಾಂಗ್‌ದುಯಿಯ ಗೋರಿಯಿಂದ 1970ರ ದಶಕದಲ್ಲಿ ಹೊರತೆಗೆದ ರೇಷ್ಮೆಯ ಚಿತ್ರಪಟದಲ್ಲಿ ವ್ಯಾಯಾಮದಲ್ಲಿ ತೊಡಗಿರುವ 44 ಗಂಡಸರು, ಹೆಂಗಸರು ಇದ್ದಾರೆ.

ನಾಲ್ಕನೆಯ ವಾರ ಹೆಜ್ಜೆಯ ಪಾಠ ಶುರುವಾಯಿತು. ಇಡೀ ಮೈಭಾರವನ್ನು ಬಲಗಾಲಿಗೆ ಸುರಿಯಬೇಕು. ಎಡಗಾಲು ಪೂರ್ತಿ ಬರಿದಾಗಬೇಕು. ಬರಿದಾದ ಮೇಲೆಯೇ ಅದನ್ನು ಎತ್ತಿ ಮುಂದಿಟ್ಟು, ಹಿಮ್ಮಡಿ ತಾಗಿಸಿ, ಆಮೇಲೆ ನಿಧಾನವಾಗಿ ಭಾರವನ್ನು ಆ ಕಡೆಗೆ ಹರಿಯಬಿಡಬೇಕು. ನಾನು ಬರಿದಾಯಿತು ಎಂದುಕೊಂಡು ಕಾಲೆತ್ತಹೊರಟಾಗ ಗುರುಗಳು ಬಗ್ಗಿ, ನನ್ನ ಎಡ ಪಾದದ ಅಡಿಗೆ ಕಾಗದದ ತುಂಡೊಂದನ್ನು ತೂರಿಸಲು ನೋಡಿದರು. ಅದು ತೂರಲಿಲ್ಲ. ‘ಇನ್ನೂ ಇದೆಯಮ್ಮಾ, ಕಾಲು ಇನ್ನೂ ಖಾಲಿಯಾಗಿಲ್ಲ’ ಎಂದರು. ಕಾಗದ ಸಲೀಸಾಗಿ ಸರಿಯುವಂತಾಗಲು ನನಗೆ ಎರಡು ತರಗತಿ ಹಿಡಿಯಿತು. ಬರಿದು ಮತ್ತು ತುಂಬಿದ್ದನ್ನು ಬೇರೆ ಮಾಡಿ ಅರಿಯಬೇಕೆಂಬುದು ಯಾಂಗ್ ಶೈಲಿಯ ಗುರು ಯಾಂಗ್ ಚೆಂಗ್‌ಫು (1883–1936) ಹೇಳಿದ ಹತ್ತು ಮುಖ್ಯ ಸೂತ್ರಗಳಲ್ಲೊಂದು. ಭುಜವನ್ನು ಇಳಿಬಿಡು, ಮೊಣಕೈಯನ್ನು ಕೆಳಗಿರಿಸು ಎಂಬುದು ಇನ್ನೊಂದು. ಸೂಜಿಯ ಕೋಣೆಯಲ್ಲಿ ಮಲಗಿ ಕಂಡುಕೊಂಡಿದ್ದ ನನ್ನ ಎತ್ತಿದ ಭುಜ ಈ ಎರಡನೆಯ ಸೂತ್ರದ ಎದುರು ಪ್ರತಿ ದಿನವೂ ಸಿಕ್ಕಿಬೀಳುತ್ತಿತ್ತು. ಚಿಕಿತ್ಸಕಿಯೂ ಗುರುಗಳೂ ಪರಸ್ಪರ ಮಾತಾಡಿಕೊಂಡು ಒಂದೇ ಭುಜದ ಮೇಲೆ ಕಣ್ಣಿಟ್ಟಿದ್ದರಿಂದಲೇ ನನಗೆ ಹೆಚ್ಚು ಲಾಭವಾಯಿತು.

ಸ್ವಾಸ್ಥ್ಯದ ಹೆಸರಿನಲ್ಲಿ ನಡೆಯುವ ತರಗತಿಗಳು ಸಾಮಾನ್ಯವಾಗಿ ಕೈಬಿಡುವ ಒಂದನ್ನು ಈ ಗುರುಗಳು ಉಳಿಸಿಕೊಂಡಿದ್ದಾರೆ. ತೈಜಿಕ್ವಾನ್ ಎಂಬ ಪೂರ್ಣ ಹೆಸರಿನ ಕೊನೆಯಲ್ಲಿರುವ ಕ್ವಾನ್ ಎಂದರೆ ಮುಷ್ಟಿ. ಹೆನಾನ್ ಪ್ರಾಂತ್ಯದ ಚೆನ್‌ಜಿಯಾಗೌ ಹಳ್ಳಿಯ ಚೆನ್ ಮನೆತನದವರಲ್ಲಿ ಇದು ಕಾಳಗದ ವಿದ್ಯೆಯಾಗಿಯೇ ಬೆಳೆಯಿತು. ಒಂಬತ್ತನೆಯ ವಾರದಿಂದ ನಮ್ಮನ್ನು ಇಬ್ಬಿಬ್ಬರಾಗಿ ನಿಲ್ಲಿಸಿ, ಮಣಿಕಟ್ಟಿಗೆ ಮಣಿಕಟ್ಟು ತಾಗಿಸಿ, ತಳ್ಳುಕೈ ಅಭ್ಯಾಸ ಮಾಡಿಸಿದರು. ಎದುರಿನವರು ತಳ್ಳಿದಾಗ ಬಲಕ್ಕೆ ಬಲ ಕೊಡದೆ, ಹಾಗೆಂದು ಕುಸಿಯದೆ, ಸೊಂಟ ತಿರುಗಿಸಿ ಆ ಬಲವನ್ನು ಪಕ್ಕಕ್ಕೆ ಸಾಗಹಾಕಬೇಕು. ನನ್ನ ಜೊತೆಗಾರ್ತಿ ಬೆರಳಷ್ಟು ತಳ್ಳಿದರೆ ಸಾಕು, ನನ್ನ ಭುಜ ಸೆಟೆದು ಮೇಲೇರುತ್ತಿತ್ತು, ಮರುಗಳಿಗೆಯೇ ಕಾಲು ಕದಲುತ್ತಿತ್ತು. ಎಷ್ಟು ಪುಸ್ತಕ ಓದಿದ್ದರೂ ಇದು ನನಗೆ ಇಷ್ಟು ಸ್ಪಷ್ಟವಾಗುತ್ತಿರಲಿಲ್ಲ. ಹಿರಿಯರಿಗೂ ಸಮತೋಲನದ ತೊಂದರೆ ಇರುವವರಿಗೂ ತೈ ಚಿಯನ್ನು ನಾನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ. ಪಾರ್ಕಿನ್ಸನ್ ಕಾಯಿಲೆಯ 195 ಮಂದಿ ವಾರಕ್ಕೆರಡು ಬಾರಿಯಂತೆ 24 ವಾರ ಅಭ್ಯಾಸ ಮಾಡಿದ, 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತೈ ಚಿ ಗುಂಪಿನ ಸಮತೋಲನವು ಭಾರದ ವ್ಯಾಯಾಮ ಮಾಡಿದವರಿಗಿಂತಲೂ ಮೈ ಹಿಗ್ಗಿಸುವ ವ್ಯಾಯಾಮ ಮಾಡಿದವರಿಗಿಂತಲೂ ಉತ್ತಮವಾಗಿತ್ತು.

ಆದರೆ ಇಲ್ಲಿಯೇ ನನ್ನ ಒಂದು ದೂರೂ ಇದೆ. ಗುರುಗಳು ಊರಲ್ಲಿಲ್ಲದ ಎರಡು ವಾರ ಅವರ ಸಹಾಯಕರು 20ಕ್ಕೂ ಹೆಚ್ಚು ಮಂದಿಯ ತರಗತಿಯನ್ನು ಒಬ್ಬರೇ ನಡೆಸಿದರು. ಬಾಗಿದ ಮೊಣಕಾಲು ಪಾದದ ಬೆರಳುಗಳ ದಿಕ್ಕಿನಲ್ಲೇ ಇರಬೇಕು, ಒಳಗೆ ವಾಲಬಾರದು ಎಂಬುದನ್ನು ಯಾರೂ ತಿದ್ದದಿದ್ದುದರಿಂದ, ತಗ್ಗಿ ನಿಲ್ಲುವ ಉತ್ಸಾಹದಲ್ಲಿ ನಾನು ಬಲ ಮೊಣಕಾಲನ್ನು ಕೆಡಿಸಿಕೊಂಡೆ. ಹಿಂದಿರುಗಿದ ಗುರುಗಳು ನನ್ನ ನಿಲುವನ್ನು ಒಂದು ಗೇಣು ಎತ್ತರಿಸಿದ ಮೇಲೆ ಹತ್ತು ದಿನಗಳಲ್ಲಿ ಆ ನೋವು ಹೋಯಿತು. ನಿಧಾನವಾದ ಚಲನೆಯಿಂದ ಅಪಾಯವಿಲ್ಲ ಎಂದು ಯಾರೂ ತಿಳಿಯಬಾರದು. ತಪ್ಪನ್ನು ನಿಧಾನವಾಗಿ ನೂರು ಸಲ ಮಾಡಿದರೆ ಕೀಲು ಸವೆಯುತ್ತದೆ.

ಧ್ಯಾನದ ಸಂಜೆಗಳನ್ನು ಕುರಿತು ನನಗೆ ಮೆಚ್ಚುಗೆಯೂ ಬೇಸರವೂ ಇವೆ. ನಮ್ಮ ‘ಧ್ಯಾನ’ ಎಂಬ ಪದವೇ ಚೀನಾಕ್ಕೆ ಹೋಗಿ ಚಾನ್ ಆಗಿ, ಜಪಾನಿನಲ್ಲಿ ಜೆನ್ ಆಯಿತೆಂಬುದು ಗೊತ್ತಿದ್ದುದರಿಂದ, ಪರಿಚಿತವಾದದ್ದೇ ಇರಬಹುದೆಂದು ಹೋಗಿದ್ದೆ. ಜಾಜೆನ್, ಅಂದರೆ ಕುಳಿತು ಮಾಡುವ ಜೆನ್ ಧ್ಯಾನ, ಹಾಗಿಲ್ಲ. ಕಣ್ಣು ಮುಚ್ಚುವಂತಿಲ್ಲ, ಅರೆತೆರೆದು ನೋಟವನ್ನು ಕೆಳಗಿಡಬೇಕು. ಜೆನ್‌ನ ಶಾಖೆಯಾದ ಸೋತೋ ಪಂಥದ ರೂಢಿಯಂತೆ ಗೋಡೆಗೆ ಮುಖ ಮಾಡಿ, ದುಂಡನೆಯ ದಪ್ಪ ದಿಂಬಿನ ಮೇಲೆ ಕುಳಿತು, ಎಡಗೈಯನ್ನು ಬಲಗೈಯ ಮೇಲಿರಿಸಿ, ಹೆಬ್ಬೆರಳ ತುದಿಗಳನ್ನು ತಾಗಿಯೂ ತಾಗದಂತೆ ಹಿಡಿಯಬೇಕು. ಆ ಪಂಥವನ್ನು ಜಪಾನಿನಲ್ಲಿ ನೆಲೆಗೊಳಿಸಿದ ದೋಗೆನ್ ಗುರು (1200–1253) ಬರೆದಿಟ್ಟ ಕುಳಿತುಕೊಳ್ಳುವ ವಿಧಾನವೇ ಇದರ ಆಧಾರ. ಆರಂಭಿಕರಾದ ನಮಗೆ ಉಸಿರನ್ನು ಒಂದರಿಂದ ಹತ್ತರವರೆಗೆ ಎಣಿಸಲು ಹೇಳಿದರು. ತಪ್ಪಿದರೆ ಮತ್ತೆ ಒಂದಕ್ಕೆ ಬರಬೇಕು. ನಾನು ಮೊದಲ ತಿಂಗಳು ನಾಲ್ಕನ್ನು ದಾಟಿದ್ದು ಅಪರೂಪ. ಆದರೆ ಚಿಂತೆಯೊಂದು ಬಂದೊಡನೆ ಹೆಬ್ಬೆರಳುಗಳು ಒಂದನ್ನೊಂದು ಒತ್ತುವುದು, ಅದರ ಹಿಂದೆಯೇ ಎಡ ಭುಜ ಏರುವುದು ಆರನೆಯ ವಾರದಲ್ಲಿ ನನಗೆ ಕಾಣತೊಡಗಿತು. ರಾತ್ರಿ ಮೂರರ ಎಚ್ಚರ ನಿಂತಿಲ್ಲ. ಎಚ್ಚರವಾದ ಮೇಲೆ ಮತ್ತೆ ನಿದ್ದೆ ಹತ್ತುವುದು ಈಗ ಸಾಧ್ಯವಾಗಿದೆ.

ಬೇಸರದ ಸಂಗತಿ ಎರಡು. ಮೊದಲೆರಡು ಸಂಜೆ ಧ್ವನಿವರ್ಧಕದಲ್ಲಿ ಮೆಲುವಾದ ಕೊಳಲು ಹಾಕಿದ್ದರು. ಜಾಜೆನ್‌ಗೆ ಅದು ಅಡ್ಡಿಯೆಂದು ಹಲವರು ಹೇಳಿದ ಮೇಲೆ ನಿಲ್ಲಿಸಿದರು. ಎರಡನೆಯದು ಗಂಭೀರವಾದದ್ದು. ಸೂಜಿಯ ಕೋಣೆಯಲ್ಲಿ ಅಷ್ಟೆಲ್ಲ ಪ್ರಶ್ನೆ ಕೇಳುವ ಕೇಂದ್ರ, ಧ್ಯಾನದ ಕೋಣೆಗೆ ಬರುವವರನ್ನು ಏನನ್ನೂ ಕೇಳುವುದಿಲ್ಲ. ನಮ್ಮ ಜೊತೆಗಿದ್ದ ಒಬ್ಬರು, ಇತ್ತೀಚೆಗೆ ಮನೆಯಲ್ಲಿ ಸಾವು ಕಂಡವರು, ಅರ್ಧ ಗಂಟೆಯ ಮೌನದ ನಡುವೆ ಉಸಿರುಕಟ್ಟಿದಂತಾಗಿ ನಡುಗುತ್ತಾ ಎದ್ದು ಹೊರನಡೆದರು. ಅವರ ಹಿಂದೆ ಹೋದದ್ದು ಮತ್ತೊಬ್ಬ ವಿದ್ಯಾರ್ಥಿನಿಯೇ ಹೊರತು ಬೋಧಕರಲ್ಲ. ಮೌನ ಎಲ್ಲರಿಗೂ ಎಲ್ಲ ಕಾಲಕ್ಕೂ ಹಿತವಲ್ಲ. ಮನಸ್ಸಿನ ಕಾಯಿಲೆಗೆ ಚಿಕಿತ್ಸೆಯಲ್ಲಿರುವವರು, ಹೊಸ ದುಃಖದಲ್ಲಿರುವವರು ಮೊದಲೇ ಬೋಧಕರೊಂದಿಗೆ ಮಾತಾಡಿಕೊಳ್ಳಬೇಕು. ತಾನಾಗಿಯೇ ಅವರನ್ನು ಕೇಳುವುದು ಕೇಂದ್ರದ ಕರ್ತವ್ಯವೂ ಹೌದು. ಇದನ್ನು ಲಿಖಿತವಾಗಿ ಕೊಟ್ಟಿದ್ದೇನೆ.

ಹೊರಬಾಗಿಲ ಬಳಿಯ ಮೂಲಿಕೆಗಳ ಮಾರಾಟ ಕಟ್ಟೆಯಿಂದ ದೂರವಿರಿ ಎಂದು ಸ್ಪಷ್ಟವಾಗಿಯೇ ಹೇಳುತ್ತೇನೆ. ನಿದ್ದೆಗೆಂದು ಕೊಟ್ಟ ಪುಡಿಯ ಪೊಟ್ಟಣದ ಮೇಲೆ ಯಾವ ಗಿಡದ ಹೆಸರೂ ಇರಲಿಲ್ಲ, ಕೇಳಿದರೆ ಪುರಾತನ ಮಿಶ್ರಣ ಎಂಬ ಉತ್ತರ ಬಂತು. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸಲು ಚೀನೀ ಮೂಲಿಕೆ ಬೆರೆತ ಗುಳಿಗೆ ತೆಗೆದುಕೊಂಡ ನೂರಕ್ಕೂ ಹೆಚ್ಚು ಮಂದಿಯ ಮೂತ್ರಪಿಂಡಗಳು ಹಾಳಾದವು; ಒಂದು ಮೂಲಿಕೆಯ ಜಾಗದಲ್ಲಿ ಅರಿಸ್ಟೊಲೋಕಿಕ್ ಆಮ್ಲವಿರುವ ಮತ್ತೊಂದು ಸೇರಿದ್ದೇ ಅದಕ್ಕೆ ಕಾರಣ. ಹೆಸರಿಲ್ಲದ ಪುಡಿಯನ್ನು ನಾನು ಅಲ್ಲಿಯೇ ಹಿಂದಿರುಗಿಸಿದೆ. ಅಷ್ಟು ಜಾಗರೂಕರಾದ ಚಿಕಿತ್ಸಕಿ ಇರುವ ಕಟ್ಟಡದಲ್ಲೇ ಇಂಥ ಮಾರಾಟ ನಡೆಯುವುದು ನನಗೆ ನಿಜವಾಗಿ ನೋವು ತಂದಿತು.

ಹೀಗಿದ್ದರೂ ನಾನು ಮತ್ತೆ ಸೇರಿದ್ದೇನೆ, ಪೂರ್ತಿ ಕಾರ್ಯಕ್ರಮಕ್ಕಲ್ಲ. ತೈ ಚಿಗೆ ವಾರಕ್ಕೆ ಎರಡು ದಿನ ಮುಂದುವರಿಸಿದ್ದೇನೆ, ಅದೂ ಗುರುಗಳೇ ನಡೆಸುವ ಹನ್ನೆರಡು ಮಂದಿಯ ಬೆಳಗಿನ ತಂಡಕ್ಕೆ. ಸೂಜಿ ಚಿಕಿತ್ಸೆಯನ್ನು ತಿಂಗಳಿಗೊಮ್ಮೆಗೆ ಇಳಿಸಿದ್ದೇನೆ. ಹಾಗೆ ಮಾಡಲು ಸಲಹೆ ಕೊಟ್ಟವರು ಚಿಕಿತ್ಸಕಿಯೇ. ಧ್ಯಾನದ ಕೋಣೆಗೆ ಸೇರುವವರಿಗೆ ಪ್ರಶ್ನಾವಳಿ ಸಿದ್ಧವಾಗುತ್ತಿದೆ ಎಂದು ಕಚೇರಿಯಿಂದ ಉತ್ತರ ಬಂದಿದೆ. ಅದು ಬರುವವರೆಗೆ ನಾನು ಮನೆಯಲ್ಲೇ, ಗೋಡೆಗೆ ಮುಖ ಮಾಡಿ, ಒಂದರಿಂದ ಎಣಿಸುತ್ತಿದ್ದೇನೆ.