ಹಿತ್ತಲ ಹಕ್ಕಿಗೂ ಹೂವಿಗೂ ಯಾವ ಟೆಲಿ ಲೆನ್ಸ್? ಮೂರನ್ನ ಹಿಡಿದು ನೋಡಿದ್ದು

ದಾಸವಾಳದ ಮೇಲೆ ಸೂರಕ್ಕಿ ಬಂದು ಕೂತಿದೆ, ನನ್ನಿಂದ ಮೂರು ಮೀಟರ್ ಇರ್ಬೋದು ಅಷ್ಟೆ, ಬೆಳಕೂ ಚೆನ್ನಾಗಿದೆ, ಬಟನ್ ಒತ್ತಿದ್ರೆ ಲೆನ್ಸು ಹಿಂದೆ ಮುಂದೆ ಹುಡುಕಾಡ್ತಾ ಇದೆಯೇ ಹೊರತು ಫೋಕಸ್ ಆಗ್ತಾನೇ ಇಲ್ಲ. ಕೆಟ್ಟೋಯ್ತಾ ಅಂತ ಎದೆ ಧಸಕ್ಕಂತು. ಏನೂ ಕೆಟ್ಟಿರ್ಲಿಲ್ಲ, ನನ್ನ ಹತ್ರ ಇದ್ದ ಕ್ಯಾನನ್ 400 ಎಂಎಂ ಎಫ್ 5.6 ಪ್ರೈಮ್ (ಜೂಮ್ ಇಲ್ಲದ ಲೆನ್ಸ್; ಎಫ್ ಅಂಕಿ ದೊಡ್ಡದಾದಷ್ಟೂ ಬೆಳಕು ಬರೋ ಕಿಂಡಿ ಚಿಕ್ಕದು) 3.5 ಮೀಟರಿಗಿಂತ ಹತ್ರದ್ದನ್ನ ಫೋಕಸ್ ಮಾಡಲ್ಲ, ತಗೊಳ್ಳುವಾಗ ನಾನು ಅದನ್ನ ಓದೇ ಇರ್ಲಿಲ್ಲ. ಟೆಲಿ ಅಂದ ಕೂಡ್ಲೇ ಎಲ್ರೂ ಎಷ್ಟು ದೂರ ಎಳೆಯುತ್ತೆ ಅಂತ ಕೇಳ್ತಾರೆ, ನಾನೂ ಹಾಗೇ ಕೇಳಿ ತಗೊಂಡವ್ನು. ಹಿತ್ತಲಲ್ಲಿ ಕೇಳ್ಬೇಕಾಗಿದ್ದು ಎಷ್ಟು ಹತ್ರ ಬರೋಕೆ ಬಿಡುತ್ತೆ ಅಂತ.

ಆಮೇಲೆ ಸ್ನೇಹಿತನ ಹತ್ರ ಬೇರೆ ಕಂಪನಿಯ 150-600 ಎಂಎಂ ಜೂಮ್ ಒಂದು ತಿಂಗಳು ಇಸ್ಕೊಂಡೆ, ಅದಾದ್ಮೇಲೆ ಕ್ಯಾನನ್ 100-400 ಎರಡನೇ ವರ್ಷನ್ನು, ಅಂದ್ರೆ 2014ರಲ್ಲಿ ಬಂದಿದ್ದು, ಸೆಕೆಂಡ್ ಹ್ಯಾಂಡಲ್ಲಿ ಸಿಕ್ತು. ಮೂರನ್ನೂ ಒಂದೇ ಕ್ರಾಪ್ ಕ್ಯಾಮೆರಾಗೆ (ಸೆನ್ಸರ್, ಅಂದ್ರೆ ಚಿತ್ರ ಹಿಡಿಯೋ ಚಿಪ್, ಚಿಕ್ಕದಿರೋದು) ಹಾಕಿ, ಅದೇ ಗಿಡ, ಅದೇ ನೀರಿನ ಬಟ್ಟಲು, ಅದೇ ಬೆಳಗಿನ ಹೊತ್ತು ಅಂತ ಇಟ್ಕೊಂಡು ತೆಗ್ದೆ. ಹಕ್ಕಿಗಳು ಮಾತ್ರ ಅದೇ ಹಕ್ಕಿಗಳಾ ಅಂತ ಗ್ಯಾರಂಟಿ ಕೊಡಕ್ಕಾಗಲ್ಲ.

ಮೊದ್ಲು ಒಂದು ಸಣ್ಣ ಲೆಕ್ಕ. ಕ್ರಾಪ್ ಸೆನ್ಸರ್ ಅಗಲ ಸುಮಾರು 22 ಮಿಲಿಮೀಟರ್. ಪ್ರೈಮಿನ ಗರಿಷ್ಠ ಮ್ಯಾಗ್ನಿಫಿಕೇಶನ್ (ಸೆನ್ಸರ್ ಮೇಲೆ ಬೀಳೋ ಚಿತ್ರ ನಿಜವಾದ ಗಾತ್ರದ ಎಷ್ಟು ಪಾಲು ಅನ್ನೋದು) 0.12, ಅಂದ್ರೆ 3.5 ಮೀಟರಲ್ಲಿ ಫ್ರೇಮಿನ ಅಗಲ ಹದಿನೆಂಟು ಸೆಂಟಿಮೀಟರ್ ಹತ್ರ, ಗುಬ್ಬಚ್ಚಿ ಇರೋದೇ ಹದಿನೈದು. ಅಲ್ಲಿಗೆ ಗುಬ್ಬಚ್ಚಿ ಫ್ರೇಮ್ ತುಂಬಿಬಿಡ್ತು, ಇನ್ನೂ ಉದ್ದದ ಲೆನ್ಸ್ ಯಾಕೆ ಬೇಕು? ಈ ಲೆಕ್ಕ ಮೊದ್ಲೇ ಹಾಕಿದ್ರೆ ಆ ಒಂದು ತಿಂಗಳು ತೋಳು ನೋವು ತಪ್ತಿತ್ತು.

ತೋಳು ನೋವು ಅಂದ್ನಲ್ಲ, ಅದು 150-600ದು. ಹತ್ರತ್ರ ಎರಡು ಕಿಲೋ, ಪ್ರೈಮ್ ಒಂದೂಕಾಲು ಕಿಲೋ, 100-400 ಒಂದೂವರೆಗಿಂತ ಸ್ವಲ್ಪ ಜಾಸ್ತಿ. ಅಂಕಿಯಲ್ಲಿ ನೋಡಿದ್ರೆ ದೊಡ್ಡದಲ್ಲ ಅನ್ಸುತ್ತೆ, ಆದ್ರೆ ಗಿಡದ ಸಂದಿಯಲ್ಲಿ ಕುಕ್ಕರಗಾಲಲ್ಲಿ ಕೂತು ಹಕ್ಕಿ ಬರೋವರ್ಗೂ ಹತ್ತು ನಿಮಿಷ ಹಿಡ್ಕೊಂಡು ನೋಡಿ ಆಮೇಲೆ ಹೇಳಿ. 600ರಲ್ಲಿ ಎಫ್ 6.3, ಕ್ರಾಪಲ್ಲಿ ಅದು 960 ಎಂಎಂ ಥರ ಕಾಣುತ್ತೆ, ಹಾರೋ ಹಕ್ಕಿ ಬಿಡಿ, ಕೊಂಬೆಯಿಂದ ಕೊಂಬೆಗೆ ನೆಗೆಯೋ ಟುವ್ವಿ ಹಕ್ಕಿಯನ್ನ ಫ್ರೇಮೊಳಗೆ ಹುಡುಕೋದೇ ಒಂದು ಕೆಲ್ಸ. 250ಕ್ಕೆ ತಂದು ಹಕ್ಕಿ ಹಿಡ್ದು ಆಮೇಲೆ ಜೂಮ್ ಮಾಡು ಅಂತಾರೆ, ಸರಿ, ಅಷ್ಟೊತ್ತಿಗೆ ಹಕ್ಕಿ ಹೋಗಿರುತ್ತೆ. ಆದ್ರೂ ಎತ್ತರದ ಮರದ ತುದೀಲಿ ಗಿಳಿ ಕೂತಿದ್ದ ದಿನ ಮಾತ್ರ ಇದ್ರ ಮುಂದೆ ಉಳಿದೆರಡೂ ಸುಮ್ನೆ, ಒಪ್ಕೋಬೇಕು.

ಪ್ರೈಮಿಗೆ ಬರೋಣ. ಇದ್ರಲ್ಲಿ ಸ್ಟೆಬಿಲೈಸೇಶನ್ ಇಲ್ಲ, ಕೈಯಲ್ಲಿ ಹಿಡಿದ್ರೆ ಕನಿಷ್ಠ 1/640 ಸೆಕೆಂಡ್ ಶಟರ್ ಬೇಕು, ಮೋಡ ಕವಿದ್ರೆ ಐಎಸ್ಓ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) ಏರಿಸ್ತಾ ಹೋಗ್ಬೇಕು. ಆದ್ರೆ ಹಕ್ಕಿ ವಿಷ್ಯದಲ್ಲಿ ಇದು ನನಗೆ ಅಷ್ಟು ತೊಂದ್ರೆ ಅನ್ಸಿಲ್ಲ, ಯಾಕಂದ್ರೆ ಸೂರಕ್ಕಿ ಒಂದು ಕ್ಷಣ ಸುಮ್ನಿರಲ್ಲ, ಹೇಗೂ 1/1000 ಮೇಲೇ ಇಡ್ಬೇಕು, ಸ್ಟೆಬಿಲೈಸರ್ ನಮ್ಮ ಕೈ ನಡುಕ ನಿಲ್ಸುತ್ತೆ, ಹಕ್ಕಿ ಕತ್ತು ತಿರುಗ್ಸೋದನ್ನ ನಿಲ್ಸಲ್ವಲ್ಲ. ಹೂವಿನ ವಿಷ್ಯ ಬೇರೆ, ನೆರಳಲ್ಲಿರೋ ಹೂವು, ಗಾಳಿ ಇಲ್ಲ, 1/100ರಲ್ಲೂ ತೆಗೀಬೋದು ಅನ್ನೋ ಹೊತ್ತಲ್ಲಿ ಸ್ಟೆಬಿಲೈಸರ್ ಬೇಕೇ ಬೇಕು.

ಹತ್ರದ ತೊಂದ್ರೆಗೆ ನಾನು ಮಾಡಿದ್ದು 25 ಎಂಎಂ ಎಕ್ಸ್‌ಟೆನ್ಶನ್ ಟ್ಯೂಬ್ ಹಾಕಿದ್ದು. ಒಳಗೆ ಗಾಜೇ ಇಲ್ಲದ ಖಾಲಿ ಕೊಳವೆ ಅದು, ಲೆನ್ಸನ್ನ ಬಾಡಿಯಿಂದ ಸ್ವಲ್ಪ ದೂರ ತಳ್ಳುತ್ತೆ, ಅಷ್ಟಕ್ಕೇ ಮ್ಯಾಗ್ನಿಫಿಕೇಶನ್ 0.2 ಹತ್ರ ಹೋಗುತ್ತೆ. ಬದಲಿಗೆ ಆರೇಳು ಮೀಟರ್ ಆಚೆ ಏನೂ ಫೋಕಸ್ ಆಗಲ್ಲ. ಇದು ದೊಡ್ಡ ನಷ್ಟ ಅಂತ ಅಂದ್ಕೊಂಡಿದ್ದೆ, ಆಮೇಲೆ ನೋಡಿದ್ರೆ ನಮ್ಮ ಹಿತ್ತಲು ಅದಕ್ಕಿಂತ ಉದ್ದನೇ ಇಲ್ಲ!

100-400 ಮಾತ್ರ ಬೇರೆ ಜಾತಿ. 98 ಸೆಂಟಿಮೀಟರ್‌ವರೆಗೆ ಹತ್ರ ಹೋಗ್ಬೋದು, 0.31 ಮ್ಯಾಗ್ನಿಫಿಕೇಶನ್, ಅಂದ್ರೆ ಫ್ರೇಮಲ್ಲಿ ಹಿಡಿಸೋದು ಏಳು ಸೆಂಟಿಮೀಟರ್ ಅಗಲ ಮಾತ್ರ, ದೊಡ್ಡ ದಾಸವಾಳದ ಎಸಳು ಆಚೆ ಚಾಚ್ಕೊಂಡು ಕೇಸರ ಮಾತ್ರ ಉಳಿಯುತ್ತೆ. ಹಕ್ಕಿಗೆ ಕಾಯ್ತಾ ಬೇಜಾರಾದಾಗ ಕೂತಲ್ಲಿಂದಲೇ ಪಕ್ಕದ ಹೂವಿಗೆ ತಿರುಗಿಸ್ಬೋದು, ಲೆನ್ಸ್ ಬದಲಾಯ್ಸೋದು ಬೇಡ, ಧೂಳು ಬೇಡ. ಒಂದು ಮಾತು, ಅಷ್ಟು ಹತ್ರದಲ್ಲಿ ಎಫ್ 5.6 ಇಟ್ರೆ ಫೋಕಸ್ಸಲ್ಲಿರೋದು ಮೂರು ಮಿಲಿಮೀಟರ್ ಆಳ ಅಷ್ಟೆ, ಎಫ್ 11 ಮಾಡಿದ್ರೂ ಐದಾರು. ಮೊದಲ ವಾರದ ನನ್ನ ಹೂವಿನ ಫೋಟೋ ಎಲ್ಲದ್ರಲ್ಲೂ ಒಂದು ಎಸಳಿನ ಅಂಚು ಮಾತ್ರ ಚೂಪಾಗಿತ್ತು.

ಇನ್ನೊಂದು ಪಕ್ಕಪಕ್ಕ ಇಟ್ಟಾಗ ಕಣ್ಣಿಗೆ ಬಿದ್ದಿದ್ದು. ನಾಲ್ಕು ಮೀಟರ್ ದೂರದ ಅದೇ ಬಟ್ಟಲು, ಪ್ರೈಮ್, 100-400 ಎರಡೂ 400 ಎಂಎಂನಲ್ಲೇ, ಆದ್ರೆ ಪ್ರೈಮಲ್ಲಿ ಬಟ್ಟಲು ಸ್ವಲ್ಪ ದೊಡ್ಡದು ಕಾಣುತ್ತೆ. ಹತ್ರ ಫೋಕಸ್ ಮಾಡಿದಂತೆಲ್ಲ ಜೂಮಿನ ನಿಜವಾದ ಫೋಕಲ್ ಲೆಂತ್ (ಆ ಎಂಎಂ ಅಂಕಿ) ಕುಗ್ಗುತ್ತೆ, ಕೊನೇ ಒಂದು ಮೀಟರಲ್ಲಿ ಅದು ಇನ್ನೂರಕ್ಕಿಂತಲೂ ಕಡಿಮೆ ಲೆಕ್ಕಕ್ಕೆ ಬರುತ್ತೆ. ಮೋಸ ಅಲ್ಲ, ಒಳಗಿನ ಗಾಜು ಓಡಾಡೋ ರೀತಿಯೇ ಹಾಗೆ, ಆದ್ರೂ ಗೊತ್ತಿರ್ಲಿ.

ಹಿನ್ನೆಲೆ ಬೆಣ್ಣೆ ಥರ ಕರಗೋ ವಿಷ್ಯಕ್ಕೆ ಮೂರರಲ್ಲಿ ಯಾವ್ದು ಮೇಲು ಅಂತ ಕೇಳಿದ್ರೆ, ನಾನು ಕೊಂಬೆಯನ್ನ ಗೋಡೆಯಿಂದ ಎರಡು ಮೀಟರ್ ಮುಂದಕ್ಕೆ ತಂದಾಗ ಆದ ವ್ಯತ್ಯಾಸದ ಮುಂದೆ ಲೆನ್ಸುಗಳ ವ್ಯತ್ಯಾಸ ಲೆಕ್ಕಕ್ಕೇ ಇಲ್ಲ.

150-600 ವಾಪಸ್ ಹೋಯ್ತು, ಗಿಳಿ ಬಂದ ದಿನ ಮತ್ತೆ ಕೇಳ್ತೀನಿ. ದಿನಾ ಕೈಗೆ ಬರೋದು 100-400. ಪ್ರೈಮ್ ಮಾರಿಬಿಡು ಅಂತ ಮನೇಲೂ ಹೇಳ್ತಿದ್ದಾರೆ, ಆದ್ರೆ ಸೂರಕ್ಕಿ ಗೂಡಿಗೆ ನಾರು ತರಕ್ಕೆ ಶುರು ಮಾಡಿದೆ, ಟ್ರೈಪಾಡ್ ಮೇಲೆ ಟ್ಯೂಬ್ ಸಮೇತ ಐದು ಮೀಟರ್ ದೂರದಲ್ಲಿ ನಿಂತಿದೆ ಅದು, ಮರಿ ಹಾರೋವರ್ಗೂ ಅಂತೂ ಅದನ್ನ ಅಲ್ಲಿಂದ ತೆಗೆಯಲ್ಲ.